ಗದ್ವಾಲದ ಮೂರು ಸಾಲು

ಅಕ್ಕಾ, ನಿನ್ನ ಹೆಸರನ್ನು ಅಳಿಸಿದವಳು ನಾನು. ಕಂಪ್ಯೂಟರಲ್ಲ, ಹನುಮಂತ ಮಾಸ್ತರರ ಕೈತಪ್ಪಲ್ಲ, ಹೆಳವರ ತಾತನ ಮರೆವೂ ಅಲ್ಲ. ನಾನು — ಮಕ್ತಲ್‌ನ ಶಾಂತಾ, ಸಿದ್ದಪ್ಪನ ಮಗಳು. ಬೀರಪ್ಪನ ಗುಡಿಯ ಅಂಗಳದಲ್ಲಿ ನಿನ್ನನ್ನು ಎದುರಿಗೆ ಕೂರಿಸಿಕೊಂಡೇ ಸುಳ್ಳು ಓದಿದವಳು.

ಅಕ್ಕಾ ಅಂತ ಬರೆದುಬಿಟ್ಟೆ. ಬಾಯಿಂದ ಒಮ್ಮೆಯೂ ಕರೆದಿಲ್ಲ. ನಿನಗೆ ನೀವು ಅನ್ನಬೇಕೋ ನೀನು ಅನ್ನಬೇಕೋ, ಅದೂ ಗೊತ್ತಿಲ್ಲದಷ್ಟು ದೂರ ಇಟ್ಟಿದ್ದೆ. ಒಡಹುಟ್ಟಿದವರಿಗೆ ನೀವು ಅನ್ನುವ ರೂಢಿ ನಮ್ಮ ಮನೆಗಳಲ್ಲಿ ಇಲ್ಲ, ಅದಕ್ಕೇ ನೀನು ಅನ್ನುತ್ತಿದ್ದೇನೆ. ಇದೆಂಥ ಸಲಿಗೆ ಎಂದು ನೀನು ಬೈದರೆ ಬೈಸಿಕೊಳ್ಳುತ್ತೇನೆ.

ಹೆಳವರು ಯಾರೆಂದು ನಿನಗೆ ಹೇಳಬೇಕಿಲ್ಲ. ಆದರೂ ಅಲ್ಲಿಂದಲೇ ಶುರುಮಾಡದಿದ್ದರೆ ನನ್ನ ತಪ್ಪಿನ ತೂಕ ತಿಳಿಯುವುದಿಲ್ಲ. ನಮ್ಮ ಕುರಿಗಾರ ಮನೆತನಗಳ ವಂಶಾವಳಿ ಇರುವುದು ಹೆಳವರ ಬಾಯಲ್ಲಿ, ಹೆಳವರ ಹೊತ್ತಿಗೆಯಲ್ಲಿ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಬರುತ್ತಿದ್ದರು. ಈಗ ಮೋಟರ್‌ಸೈಕಲ್ಲಿನ ಮೇಲೆ ಬರುತ್ತಾರೆ. ಎತ್ತಿನಂತೆ ಇದಕ್ಕೆ ಮೇವು ಕೇಳಬೇಕಾಗಿಲ್ಲ ಎಂದು ಅವರಲ್ಲೇ ಹಿರಿಯನಾದ ತಾತ ನಗುತ್ತಿದ್ದ. ಕರೆಯದೆ ಅವರು ಹೊಸ್ತಿಲು ದಾಟುವುದಿಲ್ಲ. ಅಂಗಳದಲ್ಲಿ ನಿಂತು, ಮುತ್ತಜ್ಜನ ಮುತ್ತಜ್ಜನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಹೆಸರು ಹೇಳುತ್ತಾರೆ. ಇಬ್ಬರು ಹೆಳವರ ಹೊತ್ತಿಗೆಗಳು ಒಂದಕ್ಕೊಂದು ಹೊಂದದಿದ್ದರೆ ಅದಕ್ಕೂ ಒಂದು ಕಟ್ಟಳೆ ಉಂಟು: ಕಿರಿಯ ಮೊದಲು ಹೇಳಬೇಕು, ಹಿರಿಯ ಕೊನೆಗೆ. ಹಿರಿಯ ಕೊನೆಗೆ ಹೇಳಿದ್ದೇ ನಿಲ್ಲುತ್ತದೆ. ಅದರ ಮೇಲೆ ಮಾತಿಲ್ಲ.

ತಾತನ ಕಣ್ಣು ಮಂಜಾಗತೊಡಗಿ, ಹೊತ್ತಿಗೆಯ ಹಾಳೆಗಳು ಮುಟ್ಟಿದರೆ ಪುಡಿಯಾಗತೊಡಗಿದಾಗ ನಾವು ಮೂವರು ಸೇರಿದೆವು. ಗದ್ವಾಲದಲ್ಲಿ ಹನುಮಂತ ಮಾಸ್ತರರು — ನೌಕರಿಯಿಂದ ನಿವೃತ್ತರಾಗಿ, ಆ ವಯಸ್ಸಿನಲ್ಲಿ ಎರಡು ಬೆರಳಿನಿಂದ ಟೈಪು ಮಾಡಲು ಕಲಿತವರು. ನಾರಾಯಣಪೇಟೆಯಲ್ಲಿ ವೀರೇಶ, ಸೀರೆ ಅಂಗಡಿಯವನು. ಮಕ್ತಲ್‌ನಲ್ಲಿ ನಾನು, ಜೂನಿಯರ್ ಕಾಲೇಜಿನ ಹುಡುಗರಿಗೆ ಕಂಪ್ಯೂಟರ್ ಹೇಳಿಕೊಡುವವಳು. ಮಾಸ್ತರರು ತಾತನನ್ನು ಎದುರಿಗೆ ಕೂರಿಸಿಕೊಂಡು ಬರೆಯುವುದು. ವೀರೇಶ ಮತ್ತು ನಾನು ನಮ್ಮ ಕಡೆಯ ಕಿರಿಯ ಹೆಳವರ ಹೊತ್ತಿಗೆ ನೋಡಿ ಬರೆಯುವುದು. ಮೂವರ ಬರಹವನ್ನೂ ಒಟ್ಟುಗೂಡಿಸುವ ಕೆಲಸ ನನ್ನದು, ಏಕೆಂದರೆ ಗಿಟ್ ಗೊತ್ತಿದ್ದವಳು ನಾನೊಬ್ಬಳೇ. ಯಾರು, ಯಾವಾಗ, ಏನು ಬದಲಿಸಿದರು ಎಂದು ಎಲ್ಲವನ್ನೂ ನೆನಪಿಡುವ ವ್ಯವಸ್ಥೆ ಅದು. ಹೆಳವರಂಥದ್ದೇ ಅನ್ನು.

ಒಂದೊಂದು ಮನೆತನಕ್ಕೆ ಒಂದೊಂದು ಕೊಂಬೆ ಮಾಡಿದ್ದೆ. ಮೂರು ಊರಿನ ಮೂರು ರೆಪಾಸಿಟರಿಗಳಿಂದ, ಅಂದರೆ ಬರಹದ ಕಣಜಗಳಿಂದ, ಆ ಕೊಂಬೆಗಳು ಬಂದು ನಮ್ಮ ಮನೆಯ ಹಳೇ ಕಂಪ್ಯೂಟರಿನಲ್ಲಿ ಸೇರಬೇಕು. ಸರಿಯಾಗಿ ಮಾಡುವವರು ಮೂರನ್ನೂ ಬೇರೆ ಬೇರೆ ಇಟ್ಟು, ಹೋಲಿಸಿ, ಆಮೇಲೆ ಕೂಡಿಸುತ್ತಾರೆ. ನಾನು ಹಾಗೆ ಮಾಡಲಿಲ್ಲ. ನಮ್ಮ ಹೆಳವರ ಕಟ್ಟಳೆಯೇ ಇದೆಯಲ್ಲ ಎಂದು ಒಂದೇ ಜಾಗಕ್ಕೆ ಮೂರನ್ನೂ ಇಳಿಸುವಂತೆ ಬರೆದೆ — ಮೊದಲು ಬಂದದ್ದರ ಮೇಲೆ ಎರಡನೆಯದು ಕೂರಬೇಕು, ಎರಡನೆಯದರ ಮೇಲೆ ಮೂರನೆಯದು. ಕಾನ್ಫಿಗ್ ಎಂಬ ಕಡತದಲ್ಲಿ ಊರಿಗೆ ಮೂರು ಸಾಲು: ಹೆಸರು, ವಿಳಾಸ, ಹೇಗೆ ತರಬೇಕೆಂಬ ಸೂಚನೆ. ಬರೆದ ಕ್ರಮದಲ್ಲೇ ತರುತ್ತದೆ. ಮೊದಲು ಮಕ್ತಲ್, ಆಮೇಲೆ ನಾರಾಯಣಪೇಟೆ, ಕಟ್ಟಕಡೆಗೆ ಗದ್ವಾಲ. ಹಿರಿಯನ ಮಾತು ಕೊನೆಗೆ. ತಾತನಿಗೆ ಇದನ್ನು ವಿವರಿಸಿದಾಗ, “ಹಂಗಾದ್ರ ನಿನ್ನ ಮಿಶಿನ್ನಿಗೂ ಮರ್ಯಾದಿ ಗೊತ್ತೈತಿ ಬಿಡವ್ವಾ” ಎಂದಿದ್ದ. ಮಿಶಿನ್ನಿಗೆ ಗೊತ್ತಿತ್ತು. ನನಗೆ —

ಅಪ್ಪನ ವಿಷಯ ಹೇಳಬೇಕು. ಮಗಳೆಂದರೆ ‘ಇಂಥ ಊರಿಗೆ ಕೊಟ್ಟದ್ದು’ ಎಂದು ಒಂದು ಸಾಲಿನಲ್ಲಿ ಮುಗಿಸುತ್ತಿದ್ದ ನಮ್ಮ ಕಡೆಯ ಕಿರಿಯ ಹೆಳವನ ಮುಂದೆ ನಮ್ಮಪ್ಪ — ನಮ್ಮಿಬ್ಬರ ಅಪ್ಪ — ಹಟ ಹಿಡಿದು ಕೂತು ನನ್ನ ಹೆಸರು ಬರೆಸಿದ್ದ. “ಗಂಡಿಲ್ಲಂತ ಖಾಲಿ ಬಿಡಬ್ಯಾಡ. ಒಬ್ಬಾಕಿನ ಮಗಳು, ಶಾಂತಾ ಅಂತ ಬರಿ.” ಆಗ ನಾನು ಅವನ ತೊಡೆಯ ಮೇಲೆ ಕೂತಿದ್ದೆ. ಒಬ್ಬಾಕಿನ ಮಗಳು — ಆ ಮಾತನ್ನು ನಾನು ಎಷ್ಟು ಉಂಡೆ, ಉಟ್ಟೆ, ಅದರ ಮೇಲೆಯೇ ಬೆಳೆದೆ ಎಂದು ನಿನಗೆ ಹೇಗೆ ಹೇಳಲಿ? ಚೆಂದ ಇರಲಿಲ್ಲ, ಮದುವೆ ಆಗಲಿಲ್ಲ, ಊರಲ್ಲಿ ಯಾರಿಗೂ ಬೇಕಾದವಳೂ ಆಗಲಿಲ್ಲ. ಆದರೆ ಹೊತ್ತಿಗೆಯಲ್ಲಿ ಅಪ್ಪನ ಹೆಸರಿನ ಕೆಳಗೆ ನನ್ನದೊಂದೇ ಹೆಸರಿತ್ತು. ಅಪ್ಪ ಸತ್ತ ಮೇಲೂ ಅದು ಅಲ್ಲಿತ್ತು.

ಕೂಡಿಸಿದ ಪುಸ್ತಕವನ್ನು ವರ್ಷಕ್ಕೊಮ್ಮೆ ಬೀರಪ್ಪನ ಗುಡಿಯಲ್ಲಿ ಎಲ್ಲರ ಮುಂದೆ ಓದುವುದೆಂದು ಗೊತ್ತುಮಾಡಿದ್ದೆವು. ಮೊದಲ ಓದಿಗೆ ಒಂದು ವಾರವಿತ್ತು. ಮಧ್ಯಾಹ್ನ ಅವ್ವ ಒಳಗೆ ಅಡ್ಡಾಗಿದ್ದಳು. ನಾನು ಮೂರು ಊರಿನದನ್ನೂ ತರಿಸಿ, ನಮ್ಮ ಮನೆತನದ ಕೊಂಬೆ ಸರಿಯಾಗಿದೆಯೇ ಎಂದು ತೆರೆದೆ. ಸಿದ್ದಪ್ಪನ ಕೆಳಗೆ ಎರಡು ಗೆರೆ. ಮೊದಲ ಹೆಂಡತಿ ಈರಮ್ಮ, ಊರು ಕೆ.ಟಿ. ದೊಡ್ಡಿ, ಆಕೆಯ ಮಗಳು ಮಲ್ಲಮ್ಮ. ಎರಡನೆಯ ಹೆಂಡತಿ ನಮ್ಮವ್ವ. ಆಕೆಯ ಮಗಳು ಶಾಂತಾ. ಕಿರಿಯಳು ಎಂದು ಮಾಸ್ತರರು ಪಕ್ಕದಲ್ಲಿ ಬರೆದಿದ್ದರು. ಹುಟ್ಟಿದಾಗಿನಿಂದ ಒಬ್ಬಳೇ ಆಗಿದ್ದವಳು ಒಂದು ಮಧ್ಯಾಹ್ನ ಕಿರಿಯಳಾದೆ.

ಮಾಸ್ತರರಿಗೆ ಫೋನು ಮಾಡಿದೆ. “ತಾತ ಹೇಳ್ಯಾನವ್ವಾ, ನಾ ಬರದೀನಿ. ದೊಡ್ಡಿಗೆ ಹೋಗಿ ಆಕಿನ್ನೂ ನೋಡಿ ಬಂದೀನಿ. ನಿಮ್ಮಪ್ಪನ ಮಾರಿನ ಐತಿ ನೋಡು!” ಎಂದರು. ಖುಷಿಯಿಂದ ಹೇಳಿದರು, ಪಾಪ. ನನಗೂ ಖುಷಿಯಾಗುತ್ತದೆ ಅಂದುಕೊಂಡಿದ್ದರು.

ಅವ್ವ ಎದ್ದ ಮೇಲೆ ಕೇಳಿದೆ. ಹೇಳಿದಳು: “ಹೌದು. ಕುರಿ ಹೊಡ್ಕೊಂಡು ಹೊಳಿ ಆ ಕಡಿ ಹೋದಾಗ ಅಲ್ಲೇ ಮದಿವಿ ಆಗಿದ್ದ. ಆಕಿ ಬಾಣಂತನದಾಗ ಸತ್ಲು. ಕೂಸನ್ನ ಅಜ್ಜಿ ಇಟ್ಕೊಂಡ್ಲು. ನಿಮ್ಮಪ್ಪ ಮತ್ತ ಆ ಕಡಿ ಕಾಲಿಡ್ಲಿಲ್ಲ.” ಆಮೇಲೆ, ನಾನು ಕೇಳದೆಯೇ, “ಹೆಸರು ಇದ್ರ ಇರ್ಲಿ ಬಿಡು. ಆ ಕೂಸು ಏನ್ ತಪ್ಪು ಮಾಡೈತಿ?” ಎಂದಳು.

ಇದನ್ನು ಯಾಕೆ ಬರೆಯುತ್ತಿದ್ದೇನೆಂದರೆ, ಅವ್ವನ ಮಾನಕ್ಕಾಗಿ ಮಾಡಿದೆ ಎಂದು ನಾನು ಬಹಳ ವರ್ಷ ನನಗೇ ಹೇಳಿಕೊಂಡೆ. ಸುಳ್ಳು. ಅವ್ವ ಇರಲಿ ಬಿಡು ಅಂದಿದ್ದಳು. ಬೇಡವಾದದ್ದು ನನಗೆ.

ಮಾಸ್ತರರು ಬರೆದದ್ದನ್ನು ನಾನು ತಿದ್ದುವಂತಿರಲಿಲ್ಲ. ತಿದ್ದಿದರೆ ಗಿಟ್‌ನಲ್ಲಿ ನನ್ನ ಹೆಸರು, ದಿನ, ಗಳಿಗೆ ಎಲ್ಲ ಕೂತುಬಿಡುತ್ತದೆ. ಆದರೆ ಒಂದು ಕಡತಕ್ಕೆ ಮಾತ್ರ ಇತಿಹಾಸವಿಲ್ಲ ಅಕ್ಕಾ. ಯಾವುದನ್ನು ಮೊದಲು ತರಬೇಕು, ಯಾವುದನ್ನು ಕೊನೆಗೆ ಎಂದು ಹೇಳುವ ಆ ಕಾನ್ಫಿಗ್ ಕಡತ. ಅದು ನನ್ನ ಯಂತ್ರದಲ್ಲೇ ಇರುತ್ತದೆ, ಬೇರೆ ಯಾರಿಗೂ ಹೋಗುವುದಿಲ್ಲ, ಅದರಲ್ಲಿ ಏನು ಬದಲಿಸಿದರೂ ಯಾರೂ ಕೇಳುವುದಿಲ್ಲ. ಪಾಠ ಮಾಡುವಾಗ ಹುಡುಗರಿಗೆ ನಾನೇ ಇದನ್ನು ಹೇಳಿಕೊಟ್ಟಿದ್ದೇನೆ.

ಕೆಳಗಿದ್ದ ಗದ್ವಾಲದ ಮೂರು ಸಾಲನ್ನು ಕತ್ತರಿಸಿ ಎಲ್ಲಕ್ಕಿಂತ ಮೇಲೆ ಅಂಟಿಸಿದೆ. ಮೇಲೆ ಇಡುವುದು ಮರ್ಯಾದೆ ಅಂದುಕೊಳ್ಳಬೇಡ — ಅಲ್ಲಿ ಮೇಲಿದ್ದವರೇ ಎಲ್ಲರಿಗಿಂತ ಕೆಳಗೆ ಬೀಳುವವರು. ಮತ್ತೆ ತರಿಸಿದೆ. ಮೊದಲು ಗದ್ವಾಲ ಬಂತು, ನೀನು ಬಂದೆ. ಅದರ ಮೇಲೆ ಮಕ್ತಲ್ ಕೂತಿತು, ಅದರ ಮೇಲೆ ನಾರಾಯಣಪೇಟೆ. ತೆರೆದು ನೋಡಿದರೆ ಸಿದ್ದಪ್ಪನ ಕೆಳಗೆ ಒಂದೇ ಗೆರೆ. ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ತಾತ ಹೇಳಿ ಸರಿಪಡಿಸಿದ್ದ ಬೇರೆ ಮನೆಗಳ ಕೆಲವು ಹೆಸರುಗಳೂ ಅದರ ಜೊತೆಗೇ ಹೋದವು. ಅದು ನನಗೆ ಗೊತ್ತಿತ್ತು. ಹೋದರೆ ಹೋಗಲಿ ಅಂದೆ.

ಆಮೇಲೆ ಓದಿನ ದಿನ. ನೀನು ಬರುತ್ತೀಯೆಂದು ನನಗೆ ಗೊತ್ತಿರಲಿಲ್ಲ — ಗೊತ್ತಿದ್ದರೆ? ಗೊತ್ತಿದ್ದರೂ ಮಾಡುತ್ತಿದ್ದೆನೇನೋ. ಮುದ್ರಿಸಿ ಹೊಲಿದ ಪುಸ್ತಕವನ್ನು ಬೀರಪ್ಪನ ಮುಂದಿಟ್ಟು ಭಂಡಾರದ ಅರಿಸಿನ ಹಚ್ಚಿದರು. ತಾತನಿಗೆ ಕಣ್ಣು ಕಾಣುತ್ತಿರಲಿಲ್ಲವಾದ್ದರಿಂದ ಓದುವ ಕೆಲಸ ನನಗೆ ಬಂತು. ಹೆಸರು ಬಂದವರು ಎದ್ದು ಬಂದು ಹಣೆಗೆ ಭಂಡಾರ ಹಚ್ಚಿಸಿಕೊಂಡು ಹೋಗಬೇಕು. ಹಸಿರು ಸೀರೆ ಉಟ್ಟ ಹೆಂಗಸೊಬ್ಬಳು ಕಂಬದ ಪಕ್ಕದಲ್ಲಿ, ಮಡಿಲಲ್ಲಿ ಗಂಟು ಇಟ್ಟುಕೊಂಡು ಕೂತಿದ್ದಳು. ಯಾರೆಂದು ಮಾಸ್ತರರು ಹೇಳಬೇಕಾಗಿರಲಿಲ್ಲ. ಅಪ್ಪನ ಹಣೆ, ಅಪ್ಪನ ಹುಬ್ಬು.

ಸಿದ್ದಪ್ಪ ಎಂದು ಓದಿದೆ. ನೀನು ಗಂಟನ್ನು ಪಕ್ಕಕ್ಕಿಟ್ಟು ಏಳತೊಡಗಿದೆ. ಒಂದು ಕೈ ನೆಲಕ್ಕೆ ಊರಿತ್ತು. “ಒಬ್ಬಳೇ ಮಗಳು, ಶಾಂತಾ” ಎಂದು ಓದಿದೆ. ಧ್ವನಿ ನಡುಗಲಿಲ್ಲ ನೋಡು, ಅದೇ ನನಗೆ ಈಗಲೂ ಅಸಹ್ಯ. ನೀನು ಅರ್ಧ ಎದ್ದವಳು ಹಾಗೇ ನಿಂತೆ. ಆಮೇಲೆ ಸೆರಗು ಸರಿಮಾಡಿಕೊಳ್ಳಲೆಂದೇ ಎದ್ದವಳಂತೆ ಸೆರಗು ಸರಿಮಾಡಿಕೊಂಡು ಕೂತೆ. ನನ್ನ ಹಣೆಗೆ ನಾನೇ ಭಂಡಾರ ಹಚ್ಚಿಕೊಂಡೆ.

ಮಾಸ್ತರರು ಎದ್ದು ಬಂದರು. “ಶಾಂತಾ, ನಾ ಬರದಿದ್ದು ಎಲ್ಲಿ ಹೋತು?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಅಷ್ಟೂ ಮಾಡಲಿಲ್ಲ. “ಗದ್ವಾಲದ್ದು ಸರಿಯಾಗಿ ಬಂದಿಲ್ರಿ ಸಾರ್. ನಿಮ್ಮ ಕಡಿಂದನ ಏನೋ ತಪ್ಪಾಗೈತಿ” ಎಂದೆ.

ಇಷ್ಟೇ ಮಾತು. ಮಾಸ್ತರರು ತಮ್ಮ ಎರಡು ಬೆರಳುಗಳನ್ನು ನೋಡಿಕೊಂಡರು. ತಾತ ಕೂತಲ್ಲಿಂದಲೇ, “ಇಲ್ಲ ಬಿಡು, ಮಾಸ್ತರ್ದು ತಪ್ಪಿಲ್ಲ. ನಾನ ಎಲ್ಲೋ ಮರ್ತು ಹೇಳೀನಿ. ವಯಸ್ಸಾತು” ಎಂದ. ಹತ್ತಾರು ತಲೆಮಾರಿನ ಸಾವಿರ ಹೆಸರನ್ನು ಬಾಯಲ್ಲಿ ಇಟ್ಟುಕೊಂಡಿದ್ದ ಮುದುಕ, ಅವನ ಜೀವಮಾನದ ಕಸುಬು — ನನ್ನ ಮೂರು ಸಾಲಿಗೆ ಅವನು ತನ್ನನ್ನೇ ನಂಬದಂತಾದ. ಮುಂದಿನ ಸುಗ್ಗಿಗೆ ಅವನು ಯಾರ ಅಂಗಳಕ್ಕೂ ಹೋಗಲಿಲ್ಲ. ತಪ್ಪು ಹೇಳಿಬಿಡುತ್ತೇನೆಂದು ಹೆದರಿಕೆ ಅನ್ನುತ್ತಿದ್ದನಂತೆ. ಹೆದರಿಕೊಂಡೇ ಸತ್ತ.

ಜನ ಊಟಕ್ಕೆ ಎದ್ದ ಮೇಲೆ ನೀನು ನನ್ನ ಹತ್ತಿರ ಬಂದೆ. ಜಗಳಕ್ಕೆ ಬಂದೆಯೆಂದು ನಾನು ಸಜ್ಜಾಗಿದ್ದೆ, ಉತ್ತರವೂ ಸಿದ್ಧವಿತ್ತು. ನೀನು ಕೇಳಿದ್ದು ಬೇರೆ.

“ಯವ್ವಾ, ನಂಗ ಅಕ್ಷರ ಬರಂಗಿಲ್ಲ. ನಮ್ಮಪ್ಪನ ಹೆಸರು ಇನ್ನೊಂದ್ಸಲ ಓದ್ತಿಯೇನು?”

ಓದಿದೆ. ಅಪ್ಪನ ಹೆಸರಿಗೇ ನಿಲ್ಲಿಸಬಹುದಿತ್ತಲ್ಲ? ನಿಲ್ಲಿಸಲಿಲ್ಲ. ಒಬ್ಬಳೇ ಮಗಳು ಎನ್ನುವವರೆಗೂ ಓದಿದೆ. ನೀನು ತಲೆ ಆಡಿಸಿದೆ. “ಪರವಾಲೇದು, ಇರ್ಲಿ ಬಿಡು. ಚಂದ ಓದ್ತಿ” ಎಂದು ಆ ಗಂಟನ್ನು ನನ್ನ ಕೈಗಿಟ್ಟೆ. ಶೇಂಗಾ ಹೋಳಿಗೆ. ತಂಗಿಗೆಂದು ಮಾಡಿ ತಂದದ್ದನ್ನು ಯಾರೋ ಓದುವ ಹೆಂಗಸಿಗೆ ಕೊಟ್ಟಂತೆ ಕೊಟ್ಟು, ಗದ್ವಾಲದ ಬಸ್ಸು ತಪ್ಪುತ್ತದೆ ಎಂದು ಹೊರಟೆ. ಊಟಕ್ಕೂ ನಿಲ್ಲಲಿಲ್ಲ. ಗುಡಿಯ ಬಾಗಿಲವರೆಗೂ ನಾನು ನಿನ್ನ ಹಿಂದೆ ಬಂದೆ, ಕರೆಯಲು ಬಾಯಿ ತೆರೆದೆ. ಏನಂತ ಕರೆಯಲಿ?

ಹೋಳಿಗೆಯನ್ನು ನಾನು ತಿನ್ನಲಿಲ್ಲ. ಅವ್ವ ತಿಂದು, “ಯಾರು ಮಾಡಿದ್ದು? ಕೈ ಚಲೋ ಐತಿ” ಎಂದಳು. ಯಾರೋ ಅಂದೆ.

ಅವ್ವನೂ ಹೋದಳು. ಈಗ ನನ್ನ ಪಾಡನ್ನು ಕೇಳು — ಕನಿಕರ ಪಡಲೆಂದಲ್ಲ, ಮಾಡಿದ್ದುಣ್ಣೋ ಮಹರಾಯ ಅನ್ನುವುದು ಎಷ್ಟು ನಿಜ ಎಂದು ಹೇಳಲು. ಕಾಲೇಜಿನಿಂದ ಬಂದು ಬೀಗ ತೆಗೆಯುತ್ತೇನೆ. ಒಬ್ಬಳಿಗೆ ಅಡಿಗೆ ಮಾಡುವುದು ಬೇಜಾರು, ಬೆಳಗಿನ ಅನ್ನಕ್ಕೇ ಮಜ್ಜಿಗೆ ಕಲಸುತ್ತೇನೆ. ಹಬ್ಬಕ್ಕೆ ಯಾರೂ ಕರೆಯುವುದಿಲ್ಲ, ನಾನೂ ಯಾರನ್ನೂ ಕರೆಯುವುದಿಲ್ಲ. ಹೋದ ವರ್ಷ ಪಿತ್ತಕೋಶದ ಕಲ್ಲಿಗೆ ಆಸ್ಪತ್ರೆ ಸೇರಿದಾಗ ನರ್ಸಮ್ಮ ಫಾರಮ್ಮು ಹಿಡಿದು ನಿಂತಳು. ಹತ್ತಿರದ ಸಂಬಂಧಿ ಯಾರು? ಇಲ್ಲ ಅಂದೆ. “ಅಕ್ಕ-ತಂಗಿ, ಅಣ್ಣ-ತಮ್ಮ? ಎವರೂ ಲೇರಾ?” — ಯಾರೂ ಇಲ್ಲವೇ ಎಂದು ಮತ್ತೆ ಕೇಳಿದಳು. ಆ ಕಾಲಮ್ಮಿನಲ್ಲಿ ಒಂದು ಗೆರೆ ಎಳೆದು ಹೋದಳು. ಒಬ್ಬಳೇ ಮಗಳು ಎಂದು ಓದಿ ಓದಿ ಕೊನೆಗೆ ಒಬ್ಬಳೇ ಆದೆ. ಯಾರೂ ಅಳಿಸಲಾಗದ ಹಾಗೆ.

ಹೋದ ತಿಂಗಳು ಮಾಸ್ತರರು ಫೋನು ಮಾಡಿದರು. ಕೈ ನಡುಗುತ್ತದಂತೆ, ಇನ್ನು ಟೈಪು ಆಗುವುದಿಲ್ಲವಂತೆ. ತಮ್ಮ ಪ್ರತಿಯನ್ನು ಇತಿಹಾಸದ ಸಮೇತ ತೆಗೆದಿಟ್ಟುಕೋ ಎಂದರು. ತೆಗೆದಿಟ್ಟುಕೊಂಡೆ. ಅಷ್ಟು ವರ್ಷವೂ ನಾನು ಗದ್ವಾಲದ ಇತಿಹಾಸವನ್ನು ತೆರೆದು ನೋಡಿರಲಿಲ್ಲ — ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅವತ್ತು ನಮ್ಮ ಮನೆತನದ ಕೊಂಬೆಯನ್ನು ತೆರೆದೆ.

ಪ್ರತಿ ಓದಿನ ನಂತರ ಮೂವರೂ ಒಟ್ಟುಗೂಡಿದ ಪ್ರತಿಯನ್ನು ಮರಳಿ ತೆಗೆದುಕೊಳ್ಳುವುದು ನಮ್ಮ ಪದ್ಧತಿ. ಹಾಗೆ ತೆಗೆದುಕೊಂಡಾಗಲೆಲ್ಲ ಮಾಸ್ತರರ ಕಡೆಯೂ ನಿನ್ನ ಹೆಸರು ಅಳಿಸಿಹೋಗುತ್ತಿತ್ತು. ಅವರು ಪ್ರತಿ ವರ್ಷ ಅದನ್ನು ಮತ್ತೆ ಬರೆದಿದ್ದಾರೆ. ಬದಲಾವಣೆಯ ಜೊತೆಗೆ ಒಂದು ಟಿಪ್ಪಣಿ ಬರೆಯಬೇಕು ಎಂದು ನಾನೇ ಕಲಿಸಿದ್ದೆನಲ್ಲ. ಮೊದಲ ವರ್ಷ: ‘ಮಲ್ಲಮ್ಮನ ಹೆಸರು ಮತ್ತೆ ಸೇರಿಸಿದೆ. ನನ್ನ ತಪ್ಪು ಇರಬೇಕು.’ ಮರುವರ್ಷ: ‘ಮಲ್ಲಮ್ಮ. ಈ ಸಲ ನಿಧಾನವಾಗಿ ಮಾಡಿದ್ದೇನೆ.’ ಅದರ ಮುಂದಿನ ವರ್ಷ: ‘ಮಲ್ಲಮ್ಮ. ಎಲ್ಲಿ ತಪ್ಪುತ್ತಿದೆಯೋ ತಿಳಿಯದು.’ ಆಮೇಲಿನ ವರ್ಷಗಳಲ್ಲಿ ಬರೀ ನಿನ್ನ ಹೆಸರು. ಮಲ್ಲಮ್ಮ. ಮಲ್ಲಮ್ಮ. ಮಲ್ಲಮ್ಮ.

ನಾನು ಅತ್ತೆ. ಅವ್ವ ಸತ್ತಾಗ ಕೂಡ ಹಾಗೆ ಅತ್ತಿರಲಿಲ್ಲ. ಅತ್ತದ್ದರಿಂದ ಏನು? ಅಳು ಯಾರ ಹೆಸರನ್ನೂ ಮರಳಿ ಬರೆಯುವುದಿಲ್ಲ.

ಮಾಸ್ತರರಿಗೆ ಮೊದಲು ಹೇಳಿದೆ. ಗದ್ವಾಲಕ್ಕೆ ಹೋಗಿ, ಅವರ ಮುಂದೆ ಕೂತು, ನಿಮ್ಮ ಬೆರಳು ಎಂದೂ ತಪ್ಪಿರಲಿಲ್ಲ ಸಾರ್ ಎಂದೆ. ಅವರು “ತಾತ ಇರಬೇಕಿತ್ತು” ಎಂದರು. ಚಹಾ ತಂದಿಟ್ಟ ಸೊಸೆಗೆ ನನ್ನನ್ನು ಯಾರೆಂದೂ ಹೇಳಲಿಲ್ಲ.

ಗದ್ವಾಲದ ಮೂರು ಸಾಲನ್ನು ಮತ್ತೆ ಕೆಳಗೆ, ಕೊನೆಗೆ ಇಟ್ಟಿದ್ದೇನೆ. ಆ ಕಡತಕ್ಕೆ ಇತಿಹಾಸವಿಲ್ಲವಾದ್ದರಿಂದ, ಎಲ್ಲರೂ ಓದುವ ಮೊದಲ ಹಾಳೆಯಲ್ಲೇ ಬರೆದಿದ್ದೇನೆ: ಕ್ರಮ ಬದಲಿಸಿದವಳು ಶಾಂತಾ, ತಿಳಿದೇ ಬದಲಿಸಿದಳು, ತಾತ ಸರಿಯಾಗಿಯೇ ಹೇಳಿದ್ದ. ಈ ಸಲ ಓದುವಾಗ ಅದನ್ನೂ ಓದುತ್ತಾರೆ. ಜನ ಏನನ್ನುತ್ತಾರೋ ಅನ್ನಲಿ.

ಆದರೆ ಬರೆದರೆ ನಿನಗೆ ಮುಟ್ಟಿದಂತಾಗಲಿಲ್ಲ. ನಿನಗೆ ಅಕ್ಷರ ಬಾರದು. ಈ ಕಾಗದವನ್ನು ಯಾರ ಕೈಯಲ್ಲೋ ಓದಿಸಿಕೊಳ್ಳುವ ಅವಮಾನವನ್ನೂ ನಿನಗೆ ಕೊಡಲಾರೆ. ಅದಕ್ಕೇ ಭಾನುವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ — ಗದ್ವಾಲದಲ್ಲಿ ಇಳಿದು, ಅಲ್ಲಿಂದ ಇನ್ನೊಂದು ಬಸ್ಸಿಗೆ ಕೆ.ಟಿ. ದೊಡ್ಡಿ. ಕ್ಷಮಿಸು ಎಂದು ಕೇಳಲು ಬರುತ್ತಿಲ್ಲ. ಓದಲು ಬರುತ್ತಿದ್ದೇನೆ. ಹೆಳವರು ಕರೆಯದೆ ಹೊಸ್ತಿಲು ದಾಟುವುದಿಲ್ಲ, ನಾನೂ ದಾಟುವುದಿಲ್ಲ.

ನಿನ್ನ ಅಂಗಳದಲ್ಲಿ ನಿಂತು ಈ ಕಾಗದ ಓದುತ್ತೇನೆ. ಓದಿದ ಮೇಲೆ ವಂಶ ಹೇಳುತ್ತೇನೆ: ಸಿದ್ದಪ್ಪ. ಸಿದ್ದಪ್ಪನ ಹಿರಿಯ ಮಗಳು ಮಲ್ಲಮ್ಮ. ಅಷ್ಟಕ್ಕೆ ನಿಲ್ಲಿಸುತ್ತೇನೆ. ಅದರ ಕೆಳಗೆ ಇನ್ನೊಂದು ಹೆಸರು ಇದೆಯೋ ಇಲ್ಲವೋ, ಅದನ್ನು ನೀನು ಹೇಳಬೇಕು. ಹಿರಿಯಳು ನೀನು, ಕೊನೆಯ ಮಾತು ನಿನ್ನದು.